ರೊಟ್ಟಿ ಹಂಚು ತಿಕ್ಕಿದ ನಿಕ್ಕಲ್

ಪೀಣ್ಯದ ನಮ್ಮ ಲ್ಯಾಬಿನಲ್ಲಿ ನನ್ನ ಕೆಲಸ, ನೀರಿನಿಂದ ಹೈಡ್ರೋಜನ್ ಇಂಧನ ತೆಗೆಯೋಕೆ ನಿಕ್ಕಲ್ ಹಾಳೆ ತಯಾರಿಸೋದು. ಬಾಸ್‌ಗೆ ತೋರಿಸಬೇಕಿದ್ದ ದಿನವೇ, ಮೂರು ವಾರ ಒದ್ದಾಡಿ ಮಾಡಿದ ಸ್ಪಂಜಿನಂಥ ಹಾಳೆ ಮಾಯ. ಹುಡುಕಿದರೆ, ಕ್ಯಾಂಟೀನಿನಲ್ಲಿ ರೊಟ್ಟಿ ತಟ್ಟೋ ಕೊಪ್ಪಳದ ಹುಲಿಗೆಮ್ಮ ಅದರಲ್ಲಿ ಕಬ್ಬಿಣದ ಹಂಚು ತಿಕ್ಕುತ್ತಿದ್ದಾರೆ!

"ತಪ್ಪಾತ್ರಿ ಸರ, ಭಾಂಡೆ ತಿಕ್ಕೋ ನಾರು ಅನ್ಕೊಂಡೆ."

ಬೇರೆ ಗತಿಯಿಲ್ಲದೆ ಅದನ್ನೇ ತೊಳೆದು, ನೀರಿಗಿಳಿಸಿ ಕರೆಂಟು ಕೊಟ್ಟೆ. ಸೋಡಾ ಒಡೆದ ಹಾಗೆ, ಹಿಂದೆಂದೂ ಕಾಣದಷ್ಟು ಗುಳ್ಳೆ ಎದ್ದವು. ನಿಕ್ಕಲ್‌ಗೆ ಚೂರು ಕಬ್ಬಿಣ ಸೇರಿದರೆ ಚುರುಕಾಗುತ್ತದೆ ಅಂತ ಎಲ್ಲರಿಗೂ ಪಾಠ ಮಾಡೋನು ನಾನೇ. ರೊಟ್ಟಿ ಹಂಚು ಮಾತ್ರ ತಲೆಗೆ ಬಂದಿರಲಿಲ್ಲ.

ಇನ್ನೂ ಹದ ಮಾಡದ ಹೊಸ ಹಾಳೆ ಹಿಡಿದು ಕ್ಯಾಂಟೀನಿಗೆ ಓಡಿದೆ. "ಅಕ್ಕಾ, ಇದರಲ್ಲೂ ಸ್ವಲ್ಪ ತಿಕ್ಕಿಕೊಡಿ."

"ನಿಲ್ರಿ ಸರ, ಇನ್ನಾ ನಲವತ್ತು ರೊಟ್ಟಿ ಅದಾವು."

ನಾಳಿನ ಇಂಧನವೂ ಸಾಲಿನಲ್ಲಿ ನಿಂತಿತು, ಊಟಕ್ಕೆ ತಟ್ಟೆ ಹಿಡಿದವರ ಹಿಂದೆ.