ಬಸ್ಸಿನಲ್ಲಿ ಕಳಿಸಿದ ಗುಳಿಗೆಗಳು

ನನ್ನ ತಂಗಿ ಸಾವಿನ ಬಾಗಿಲಿಗೆ ಹೋಗಿ ಬಂದದ್ದು ಅವಳ ಅತ್ತೆಯಿಂದಲ್ಲ, ನನ್ನಿಂದ. ಇದನ್ನು ಎಷ್ಟೋ ಸಲ ಬಾಯಿಬಿಟ್ಟು ಹೇಳಿದ್ದೇನೆ. ನಂಬುವವರು ಕಡಿಮೆ. ಹೇಳಿ ಹೇಳಿ ಸಾಕಾಗಿ ಬರೆಯಲು ಕುಳಿತಿದ್ದೇನೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಬರೆಯುವುದೂ ಸುಲಭವಲ್ಲ, ಆದರೆ ಕಾಗದವಾದರೂ ನಡುವೆ ಬಾಯಿ ಹಾಕುವುದಿಲ್ಲ.

ಲಕ್ಷ್ಮೇಶ್ವರದಲ್ಲಿ ನಾನು ಝಂಪರು ಹೊಲಿಯುತ್ತೇನೆ. ಹೊಲಿಯುವವರ ಮನೆಯಲ್ಲಿ ಒಂದು ಚೂರು ಬಟ್ಟೆಯೂ ಕಸಕ್ಕೆ ಹೋಗುವುದಿಲ್ಲ. ತೋಳಿಗೆ ಮಿಕ್ಕಿದ್ದು ಚೀಲಕ್ಕೆ, ಚೀಲಕ್ಕೆ ಮಿಕ್ಕಿದ್ದು ಕೌದಿಗೆ. ಗುಳಿಗೆಗಳ ವಿಷಯದಲ್ಲೂ ನನಗೆ ಅದೇ ಚಾಳಿ. ಗಂಡನ ಹಲ್ಲು ಬಾತಾಗ ಡಾಕ್ಟರು ಹತ್ತು ಗುಳಿಗೆ ಬರೆದುಕೊಟ್ಟರು. ನಾಲ್ಕಕ್ಕೇ ನೋವು ಹೋಯಿತು, ಉಳಿದ ಆರು ಹೊಲಿಗೆ ಮಷೀನಿನ ಖಾನೆಗೆ ಬಂದವು. ಮಗಳ ಕಿವಿ ಸೋರಿದಾಗ ತಂದದ್ದರಲ್ಲಿ ಮಿಕ್ಕಿದ್ದೂ ಅಲ್ಲಿಗೇ. ಓಣಿಯ ಹೆಂಗಸರು ಬಟ್ಟೆ ಕೊಡಲು ಬಂದಾಗ ತಮ್ಮ ಮನೆಯಲ್ಲಿ ಉಳಿದದ್ದನ್ನೂ ತಂದು ಹಾಕುತ್ತಿದ್ದರು. ಯಾರಿಗಾದರೂ ಜ್ವರ ಬಂದರೆ ಕತ್ತರಿಯಿಂದ ಎರಡೋ ಮೂರೋ ಕತ್ತರಿಸಿ ಕೊಡುತ್ತಿದ್ದೆ. ಔಷಧದ ಹೆಸರು ಒಂದು ತುಂಡಿನ ಮೇಲೆ ಉಳಿಯುತ್ತಿತ್ತು, ತಾರೀಖು ಇನ್ನೊಂದರ ಮೇಲೆ. ಅದರ ಚಿಂತೆ ನನಗಿರಲಿಲ್ಲ. ಬಣ್ಣ ನೋಡಿ ಕೊಡುವವಳು ನಾನು. ಕೆಲವು ಗುಳಿಗೆಗಳ ಹಾಳೆಯ ಬೆನ್ನಿಗೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದಲ್ಲ, ಅವು ಭಾರೀ ಜೋರಿನ ಗುಳಿಗೆಗಳು, ಜಲ್ದಿ ಗುಣ ಮಾಡುತ್ತವೆ ಎಂದು ನನಗೆ ನಾನೇ ಅರ್ಥ ಹಚ್ಚಿಕೊಂಡಿದ್ದೆ. ಡಾಕ್ಟರು ಹೇಳದೆ ತಿನ್ನಬೇಡಿ ಎಂದು ಆ ಗೆರೆ ಎಳೆದಿರುತ್ತಾರಂತೆ. ನಾನು ಅದನ್ನೇ ಆರಿಸಿ ಆರಿಸಿ ಕೊಡುತ್ತಿದ್ದೆ.

ತಂಗಿಯನ್ನು ಮುಂಡರಗಿಗೆ ಕೊಟ್ಟಿದೆ. ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅಲ್ಲಿ ಶೌಚಾಲಯಕ್ಕೆ ಬೀಗ, ಕೀಲಿಕೈ ಮಾಸ್ತರರ ಹತ್ತಿರ. ಗಂಡಸರನ್ನು ಕೀಲಿಕೈ ಕೇಳಲು ನಾಚಿಕೊಂಡು ಇವಳು ಮನೆಗೆ ಬರುವವರೆಗೂ ನೀರೇ ಕುಡಿಯುತ್ತಿರಲಿಲ್ಲ. ಒಂದು ದಿನ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು:

"ಅಕ್ಕಾ, ಒಂದಕ್ಕ ಹ್ವಾದ್ರ ಬೆಂಕಿ ಇಟ್ಟಂಗ ಉರೀತೈತಿ."

"ದವಾಖಾನಿಗೆ ಹೋಗಿಲ್ಲ?"

"ಅಲ್ಲೆ ಗಂಡಸ ಡಾಕ್ಟರು. ಏನಂತ ಬಾಯಿ ಬಿಡ್ಲಿ? ನಿನ್ನ ಮಷೀನಿನ ಖಾನ್ಯಾಗ ಏನಾರ ಐತೇನ ನೋಡು."

ಇಲ್ಲದೆ ಏನು! ಮೂರು ಗುಳಿಗೆ ಕತ್ತರಿಸಿ ಕಡ್ಡಿಪೆಟ್ಟಿಗೆಯಲ್ಲಿ ಹಾಕಿ, ಮೇಲೆ ಝಂಪರಿನ ತುಂಡು ಸುತ್ತಿ ಹೊಲಿದು, ಮುಂಡರಗಿಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ನಮ್ಮ ಕಡೆ ಬುತ್ತಿಯಿಂದ ಹಿಡಿದು ಬಳೆಯವರೆಗೆ ಎಲ್ಲವೂ ಹಾಗೇ ಹೋಗುತ್ತವೆ.

"ಏನ್ರಿ ಅಕ್ಕಾರ, ಬಂಗಾರ ಕಳಸಾಕತ್ತೀರೇನು?" ಎಂದ.

"ಬಂಗಾರ ಅಲ್ಲೋ ಯಪ್ಪಾ, ಗುಂಡಿ. ನನ್ನ ತಂಗಿ ಸ್ಟ್ಯಾಂಡಿನಾಗ ನಿಂತಿರ್ತಾಳ."

"ಗುಂಡಿಗೆ ಇಷ್ಟ ಬಂದೋಬಸ್ತ ಏನ್ರಿ! ಶಿರಹಟ್ಟ್ಯಾಗ ಪೊಲೀಸ್ರು ಹಿಡದ್ರ ನಿಮ್ಮ ಹೆಸರ ಹೇಳ್ತೀನಿ ಮತ್ತ."

ಮರುದಿನ ತಂಗಿಯ ಫೋನು ಬಂತು, "ಆರಾಮಾತು ಅಕ್ಕಾ" ಎಂದು. ನಾನು ಉಬ್ಬಿಹೋದೆ. ಒಂದೂವರೆ ತಿಂಗಳಿಗೆ ಮತ್ತೆ ಉರಿ. ಈ ಸಲ ಬೇರೆ ಬಣ್ಣದ್ದು ಕಳಿಸಿದೆ. ಮುಂದಿನದು ಇಪ್ಪತ್ತು ದಿನಕ್ಕೇ ಬಂತು, ಅದರ ಮುಂದಿನದು ಎಂಟು ದಿನಕ್ಕೆ. ಇಷ್ಟು ಬೇಗ ಬೇಗ ಯಾಕೆ ತಿರುಗಿ ಬರುತ್ತಿದೆ ಎಂದು ಒಮ್ಮೆಯಾದರೂ ಯೋಚಿಸಬೇಕಿತ್ತು. ತೋಳು ಬಿಗಿಯಾಯಿತೆಂದು ಗಿರಾಕಿ ಎರಡನೇ ಸಲ ಬಂದರೆ ಅಳತೆ ತಪ್ಪಿದೆ ಎಂದು ನನಗೆ ಹೊಳೆಯುತ್ತದೆ. ಇದು ಹೊಳೆಯಲಿಲ್ಲ. ನಾಲ್ಕು ಸಲ ಕಳಿಸಿದೆ.

ಐದನೆಯ ಸಲ ಫೋನು ಮಾಡಿದವನು ಅವಳ ಗಂಡ. ಚಳಿ ಹತ್ತಿ ಹಲ್ಲು ಕಟಕಟ ಅನ್ನುತ್ತಿವೆ, ವಾಂತಿ ನಿಲ್ಲುತ್ತಿಲ್ಲ, ಬೆನ್ನು ಮುಟ್ಟಗೊಡುವುದಿಲ್ಲ, ಗದಗಿಗೆ ಕರೆದುಕೊಂಡು ಹೊರಟಿದ್ದೇನೆ ಎಂದ. ಗದಗ ಜಿಲ್ಲೆಯಾದ ಮೇಲೆ ಎಲ್ಲದಕ್ಕೂ ಹುಬ್ಬಳ್ಳಿಗೆ ಓಡುವುದು ಕಡಿಮೆಯಾಗಿತ್ತು. ನಾನು ಹೋಗುವಷ್ಟರಲ್ಲಿ ಅವಳನ್ನು ಮಂಚದ ಮೇಲೆ ಮಲಗಿಸಿ ಸಲಾಯಿನ್ ಹಚ್ಚಿದ್ದರು. ಡಾಕ್ಟರು ಹೆಂಗಸೇ. ಆದರೆ ಈಗ ಹೇಳಬೇಕಾದವಳು ಹೇಳುವ ಸ್ಥಿತಿಯಲ್ಲಿರಲಿಲ್ಲ.

"ಇದಕ್ಕ ಮೊದಲ ಏನಾರ ಗುಳಿಗಿ ನುಂಗ್ಯಾಳೇನು? ಖರೆ ಹೇಳ್ರಿ," ಎಂದು ಡಾಕ್ಟರು ನಮ್ಮೆಲ್ಲರ ಮುಖ ನೋಡಿ ಕೇಳಿದರು.

ನನ್ನ ಹಿಂದೆ ತಂಗಿಯ ಗಂಡ, ಅವನ ತಾಯಿ ನಿಂತಿದ್ದರು. ತಂಗಿ ಅರೆಗಣ್ಣು ತೆರೆದು ನನ್ನನ್ನೇ ನೋಡಿದಳು.

"ಇಲ್ರಿ, ಏನೂ ತಗೊಂಡಿಲ್ರಿ," ಎಂದೆ.

ಅಕ್ಕನಿಂದ ಕದ್ದು ಔಷಧ ತರಿಸಿದಳೆಂದು ಗಂಡನ ಮನೆಯವರು ತಂಗಿಯನ್ನು ಬೈದಾರು ಎಂದು ಹಾಗೆ ಹೇಳಿದೆ ಅಂತ ಬಹಳ ದಿನ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಅದು ನೆಪ. ನಾನು ಬೈಸಿಕೊಳ್ಳಲು ಹೆದರಿದೆ, ಅಷ್ಟೇ.

"ಹಂಗಾರ ಸಾದಾ ಇಂಜೆಕ್ಷನ್‌ಲೆ ಶುರು ಮಾಡೋಣು. ಮೂತ್ರ ಪರೀಕ್ಷಾಕ್ಕ ಕಳಸೀನಿ, ವರದಿ ಬರಾಕ ಎರಡ ಮೂರ ದಿನ ಬೇಕು," ಎಂದರು ಡಾಕ್ಟರು.

ಆ ಇಂಜೆಕ್ಷನ್ನು ನೀರು ಚುಚ್ಚಿದ ಹಾಗಾಯಿತು. ಎರಡನೆಯ ದಿನ ಜ್ವರ ಇನ್ನೂ ಏರಿತು, ಅವಳು ಯಾರನ್ನೋ ಕರೆದು ಏನೋ ಬಡಬಡಿಸತೊಡಗಿದಳು. ರಕ್ತದ ಒತ್ತಡ ಇಳಿಯಿತೆಂದು ಐಸಿಯುಗೆ ಒಯ್ದರು. ಆಗಲಾದರೂ ಹೇಳಿದೆನೇ? ಬಾಗಿಲ ಹೊರಗೆ ಕುಳಿತು ದೇವರಿಗೆ ಹೇಳಿದೆ. ದೇವರೇನು ಇಂಜೆಕ್ಷನ್ ಬದಲಿಸುತ್ತಾನೆಯೇ?

ಮೂರನೆಯ ದಿನ ಡಾಕ್ಟರು ವರದಿಯ ಕಾಗದ ಹಿಡಿದು ಬಂದರು. ಉದ್ದನೆಯ ಯಾದಿ. ಔಷಧಗಳ ಹೆಸರು, ಹೆಚ್ಚುಕಡಿಮೆ ಎಲ್ಲದರ ಮುಂದೆಯೂ ಅದೇ ಒಂದು ಅಕ್ಷರ.

"ಈ ಅಕ್ಷರ ಇದ್ದಲ್ಲೆಲ್ಲಾ ಔಷಧ ಹತ್ತೂದಿಲ್ಲ ಅಂತ ಅರ್ಥ. ಎರಡ ಉಳದಾವು ನೋಡ್ರಿ, ಎರಡ. ಯಾರ ಗುಳಿಗಿ ಕೊಟ್ಟೀರಿ ಇಕಿಗೆ? ಅರ್ಧಮರ್ಧ ತಿಂದ್ರ ಸಾಯೂ ಹುಳಾ ಸಾಯ್ತಾವು, ಗಟ್ಟಿಮುಟ್ಟ ಇದ್ದವು ಉಳದು ಬೆಳೀತಾವು. ಇವತ್ತ ಇಕಿ ಮೈಯಾಗ, ನಾಳೆ ನಿಮ್ಮ ಮೈಯಾಗ. ಮೊನ್ನೆ ಹೊಂಬಳದ ಒಬ್ಬ ಮುದುಕ, ನಿನ್ನೆ ಶಿರಹಟ್ಟಿ ಬಾಣಂತಿ. ದೇಶದ ತುಂಬಾ ಇದ ಹಣೆಬರಾ ಆಗೇತಿ. ಇದ್ದ ಔಷಧಾನೆಲ್ಲಾ ನಾವ ಕೆಡಸಾಕತ್ತೇವಿ, ಹೊಸಾದು ಯಾರ ತಂದ ಕೊಡ್ತಾರು? ಮೊದಲನೇ ದಿನಾನ ಹೇಳಿದ್ರ ಈ ಇಂಜೆಕ್ಷನ್ ಅವತ್ತ ಶುರು ಮಾಡ್ತಿದ್ದೆ."

ತಂಗಿಯ ಗಂಡ ತನ್ನ ತಾಯಿಯ ಕಡೆ ತಿರುಗಿದ. "ಯವ್ವಾ, ನೀ ಏನಾರ ಕೊಟ್ಟೀಯೇನು?"

"ನಾ ಯಾಕ ಕೊಡ್ಲೋ? ಮೊಣಕಾಲಿಗೆ ಎಣ್ಣಿ ಹಚ್ಚಿಕೊಳ್ಳೂದು ಬಿಟ್ರ ನನಗ ಬ್ಯಾರೆ ಔಷಧ ಗೊತ್ತಿಲ್ಲ."

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳಬೇಕೆನಿಸುತ್ತದೆ. "ಮನಿಯಾಗ ನೀರು ನಿಡಿ ಸ್ವಚ್ಛ ಇರಬೇಕಾಗ್ತೈತ್ರಿ ಅತ್ತಿ," ಎಂದೆ. ಎಲ್ಲರಿಗೂ ಕೇಳುವ ಹಾಗೆ.

ಬೇರೆ ಇಂಜೆಕ್ಷನ್ನು ಹಿಡಿಯಿತು. ದಿನಕ್ಕೆ ಮೂರು ಸಲದಂತೆ ಎರಡು ವಾರ ಚುಚ್ಚಿಸಿಕೊಂಡು, ಅರ್ಧ ಮೈಯಾಗಿ ತಂಗಿ ಮನೆಗೆ ಬಂದಳು. ಮತ್ತೆ ಇದೇ ಜ್ವರ ಬಂದರೆ ಕೊಡಲು ನಮ್ಮ ಹತ್ತಿರ ಹೆಚ್ಚೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಇವತ್ತಿಗೂ ಅವಳ ಫೋನು ಬಂದರೆ ನಾನು ಮೊದಲು ಕೇಳುವುದು, "ಉರಿ ಇಲ್ಲ ಹೌದಲ್ಲ?"

ಆಕೆಯನ್ನು ನೋಡಲು ಮುಂಡರಗಿಗೆ ಹೋದಾಗ ಓಣಿಯ ಮಾತು ಕಿವಿಗೆ ಬಿತ್ತು. ಅತ್ತೆ ಸೊಸೆಗೆ ಕುಡಿಯಲು ನೀರು ಕೊಡುವುದಿಲ್ಲ, ಹೊಲಸು ನೀರಿನಲ್ಲಿ ಸ್ನಾನ ಮಾಡಿಸಿದಳು, ಸೊಸೆಯ ಸ್ವಂತ ಅಕ್ಕನೇ ದವಾಖಾನೆಯಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿದಳಂತೆ. ಆ ಹೆಂಗಸು ಎರಡು ವಾರ ಐಸಿಯು ಬಾಗಿಲಲ್ಲೂ ವಾರ್ಡಿನಲ್ಲೂ ನೆಲದ ಮೇಲೆ ಮಲಗಿ ಸೊಸೆಯ ಸೀರೆ ಒಗೆದವಳು. ಈಗ ನಳದ ಹತ್ತಿರ ಅತ್ತೆ ಬಂದರೆ ಉಳಿದವರ ಮಾತು ನಿಲ್ಲುತ್ತಿತ್ತು.

ಅಡುಗೆಮನೆಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಹಿಟ್ಟು ನಾದುತ್ತಿದ್ದರು. ನಾದುವುದನ್ನು ನಿಲ್ಲಿಸಲಿಲ್ಲ.

"ಮುಗೀತೇನು?" ಎಂದರು.

"ತಪ್ಪಾತ್ರಿ ಅತ್ತಿ."

"ಒಲಿ ಮುಂದ ಕುಂತು ಪಿಸಿಪಿಸಿ ಹೇಳಿದ್ರ ನನಗೇನ ಬಂತವಾ? ಬೈಯುವಾಗ ಎಲ್ಲಾರ ಮುಂದ ಬೈದಿ. ಏಳು, ಹೊರಗ ನಡಿ."

ಹಿಟ್ಟಿನ ಕೈಯಲ್ಲೇ ನನ್ನ ರಟ್ಟೆ ಹಿಡಿದು ಕಟ್ಟೆಗೆ ಕರೆದುಕೊಂಡು ಹೋದರು. ಅಲ್ಲಿ ನಾಲ್ಕೈದು ಹೆಂಗಸರು ಶೇಂಗಾ ಸುಲಿಯುತ್ತಿದ್ದರು. ನಿಂತುಕೊಂಡೇ ಹೇಳಿದೆ: ಖಾನೆ, ಕತ್ತರಿ, ಬಸ್ಸು, ಡಾಕ್ಟರ ಮುಂದೆ ಆಡಿದ ಸುಳ್ಳು.

ಒಬ್ಬಳು ನಕ್ಕಳು. "ಗುಳಿಗಿ ತಿಂದ್ರ ಯಾರಿಗಾರ ಜಡ್ಡ ಜೋರ ಆಕ್ಕೈತೇನ? ಜಡ್ಡ ಹೋಗ್ಲಿ ಅಂತ ಗುಳಿಗಿ ತಿಂತಾರ."

ಇನ್ನೊಬ್ಬಳು ಅತ್ತೆಯ ಕಡೆ ಕಣ್ಣು ಹೊಡೆದು, "ಚಲೋ ಕಲಿಸಿ ಕರಕೊಂಡ ಬಂದೀಯಲ್ಲ, ಬಾಯಿಪಾಠ ಮಾಡಿಸಿದಂಗ ಐತಿ," ಎಂದಳು.

"ಖರೇನ ಹೇಳ್ತೀನ್ರಿ," ಎಂದು ನಾನು ಕೂಗಿಯೇಬಿಟ್ಟೆ. ಸುಳ್ಳು ಹೇಳಿದಾಗ ಒಂದೇ ಮಾತಿಗೆ ಎಲ್ಲರೂ ನಂಬಿದ್ದರು. ಖರೆ ಹೇಳುವಾಗ ಡಾಕ್ಟರು ಹೇಳಿದ್ದೆಲ್ಲವನ್ನೂ ನೆನಪು ಮಾಡಿಕೊಂಡು, ಗಟ್ಟಿ ಹುಳ, ಸಣ್ಣ ಹುಳ ಎಂದು ಕೈಯಾಡಿಸಿ ತೋರಿಸಿದರೂ ಅವರು ಶೇಂಗಾ ಸುಲಿಯುತ್ತಲೇ ಇದ್ದರು.

ಒಳಗೆ ಬಂದ ಮೇಲೆ ಅತ್ತೆ ಕೈ ತೊಳೆದುಕೊಂಡರು. "ಒಮ್ಮಿಗೆ ತಿಳಿಯೂ ಮಂದಿ ಅಲ್ಲ ಅವು. ಅಮಾಸಿಗೆ ಮತ್ತ ಬಾ. ಮತ್ತ ಹೇಳು."

ಹೋದೆ. ಹೇಳಿದೆ. ಅದರ ಮುಂದಿನ ಅಮಾವಾಸ್ಯೆಗೂ ಹೋದೆ. ಆವತ್ತು, ಮೊದಲ ಸಲ ನಕ್ಕಿದ್ದವಳು ಎದ್ದು ಮನೆಯೊಳಗೆ ಹೋಗಿ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಮುಂದೆ ಸುರಿದಳು. ಕತ್ತರಿಸಿದ ಗುಳಿಗೆಗಳ ತುಂಡುಗಳು, ಹೆಸರಿಲ್ಲದವು, ಬಣ್ಣಬಣ್ಣದವು.

"ನನ್ನ ಹುಡುಗಿಗೆ ಎಂಟ ದಿನದಿಂದ ಜ್ವರ ಬಿಟ್ಟಿಲ್ಲ. ಇದರಾಗ ಎರಡ ತರದ್ದು ಕೊಟ್ಟೀನಿ. ಅವು ಯಾವ ಗುಳಿಗಿ ಅಂತ ನೀ ನೋಡಿ ಹೇಳು, ನಿನಗ ಗೊತ್ತಿರತೈತಿ."

"ನನಗ ಗೊತ್ತಿಲ್ಲವ್ವಾ," ಎಂದೆ. "ಡಬ್ಬಿ ತಗೋ, ಹುಡುಗಿನ್ನ ಎತ್ತಿಕೋ. ಗದಗಿನ ಬಸ್ಸ ಐತಿ, ನಾನೂ ಬರ್ತೀನಿ. ಅಲ್ಲೆ ಡಾಕ್ಟರು ಕೇಳಿದ್ರ ಕೊಟ್ಟೀನಿ ಅಂತ ಹೇಳು. ನೀ ಹೇಳದಿದ್ರ ನಾ ಹೇಳ್ತೀನಿ."