ಈರಣ್ಣ ಓದಿದ ಚೀಟಿ

ಗೌಂಡಿ ಈರಣ್ಣನ ಅಂಗಿಯ ಜೇಬಿನಲ್ಲಿ ಯಾವಾಗಲೂ ಮಣ್ಣಿನ ಉಂಡೆಗಳು. ಮಣ್ಣಿಗೆ ಸಿಮೆಂಟ್ ಬೆರೆಸಿ ಉಂಡೆ ಕಟ್ಟಿ, ಒಣಗಿಸಿ, ಕೊಡದ ನೀರಿನಲ್ಲಿ ಮುಳುಗಿಸಿಟ್ಟು, ಕರಗದೆ ಉಳಿದದ್ದನ್ನು ಜೇಬಿಗಿಳಿಸುತ್ತಿದ್ದ. ತಾಂಡೂರಿಗೆ ಹೊಸ ಇಂಜಿನಿಯರಾಗಿ ಬಂದ ದಿನ ನಾನು ಬೆಲ್ಲವೆಂದು ಕೈಚಾಚಿದೆ.

"ತಿನ್ನಾಕ ಅಲ್ರಿ ಸಾಹೇಬ್ರ, ಹಲ್ಲು ಹೋಗ್ತಾವ," ಎಂದ, ನಗದೆ.

ಯಾಲಾಲ್ ದಾರಿಯ ಹಳ್ಳಿಯೊಂದರ ಸಣ್ಣ ಕೆರೆಗೆ ಬಣ್ಣದ ಕಾರ್ಖಾನೆಯೊಂದು ವರ್ಷಗಟ್ಟಲೆ ಹೊಲಸು ನೀರು ಬಿಟ್ಟಿತ್ತು. ಕಾರ್ಖಾನೆ ಮುಚ್ಚಿದರೂ ಕೆರೆಯ ತಳದಲ್ಲಿ ಕರೀ ಕೆಸರು ಉಳಿದಿತ್ತು. ಪಕ್ಕದಲ್ಲೇ ಊರಿಗೆಲ್ಲ ಕುಡಿಯುವ ನೀರಿನ ಬಾವಿ. ಹೆದರಿ ಊರವರು ಅದರ ನೀರು ಕುಡಿಯುವುದನ್ನು ಬಿಟ್ಟಿದ್ದರು. ಕೆಸರಿನ ವಿಷ ಬಾವಿಗೆ ಇಳಿಯದಂತೆ ತಡೆಯುವುದು ನನ್ನ ಕೆಲಸ.

ಅಗೆದು ಸಾಗಿಸಬೇಕೆಂದು ನಾನು ಹಟ ಹಿಡಿದೆ.

"ಕೆದರಬ್ಯಾಡ್ರಿ. ಮಲಗಿದ್ದು ಮಲಗಿರ್ಲಿ. ಮ್ಯಾಲ ಗಟ್ಟಿ ಹೊದಿಕಿ ಹಾಕಿ ಮುಚ್ಚೋಣ್ರಿ," ಎಂದ ಈರಣ್ಣ.

ನಾನು ಪದವಿ ಪಡೆದವನು, ಕೇಳಲಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಾನು ಬೇರೆ ಕೆಲಸದ ಮೇಲೆ ಜಹೀರಾಬಾದಿಗೆ ಹೋಗಬೇಕಾಯಿತು. ಒಂದು ಚೀಟಿಯಲ್ಲಿ ಕೆರೆಯ ನಕ್ಷೆ ಬರೆದು, ಕೆಸರು ತೆಗೆಯಬೇಕಾದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ 'ಹೂಳು' ಎಂದಷ್ಟೇ ಬರೆದು ಈರಣ್ಣನಿಗೆ ಕೊಟ್ಟೆ. ಒಂದೇ ಮಾತಿನಲ್ಲಿ ಮುಗಿಸುವ ಜಾಣತನ ನನ್ನದು.

ವಾರ ಬಿಟ್ಟು ಬಂದರೆ ಒಂದು ಬುಟ್ಟಿ ಕೆಸರೂ ಮೇಲೆ ಬಂದಿರಲಿಲ್ಲ. ಕೆರೆಯ ಏರಿಯ ದುರಸ್ತಿಗೆಂದು ತರಿಸಿದ್ದ ಸಿಮೆಂಟನ್ನು ಈರಣ್ಣನೂ ಆಳುಗಳೂ ಮಣ್ಣಿಗೆ ಬೆರೆಸಿ, ಕೆಸರಿನ ಮೇಲೆ ಪದರ ಪದರವಾಗಿ ಹಾಸಿ ದಮ್ಮಸ್ಸು ಮಾಡಿದ್ದರು. ಬಾವಿಯ ಕಡೆಗೆ ಆಳವಾಗಿ ತೋಡಿ ಅಲ್ಲೂ ಅದನ್ನೇ ಗೋಡೆಯಂತೆ ತುಂಬಿದ್ದರು. ನಾನು ಕೂಗಾಡಿದೆ. ಈರಣ್ಣ ಚೀಟಿ ಬಿಡಿಸಿ ತೋರಿಸಿದ.

"ನೀವೇ ಬರದೀರಲ್ರಿ, ಹೂಳು ಅಂತ. ಹೂಳೀವಿ."

ನಾನು ಬರೆದದ್ದು ಕೆಸರಿನ ಹೆಸರು, ಅವನು ಓದಿದ್ದು ಅಪ್ಪಣೆ. ಬೇಕೆಂದೇ ಹಾಗೆ ಓದಿದನೆಂಬ ಅನುಮಾನ ನನಗೆ ಇಂದಿಗೂ ಇದೆ.

ಮಳೆಗಾಲದ ನಂತರ ಹೈದರಾಬಾದಿನಿಂದ ಪರೀಕ್ಷೆಯ ಕಾಗದ ಬಂತು: ಬಾವಿಯ ನೀರು ಕುಡಿಯಲು ಯೋಗ್ಯ. ಯಾರ ಯೋಜನೆ ಎಂದು ದೊಡ್ಡ ಸಾಹೇಬರು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದುಕೊಂಡರು. ಬಡ್ತಿ ಬಂತು.

ಎಷ್ಟೋ ವರ್ಷಗಳ ಮೇಲೆ, ಮುಪ್ಪಾಗಿದ್ದ ಈರಣ್ಣನನ್ನು ಬಶೀರಾಬಾದಿನ ಅವನ ಮನೆಯಲ್ಲಿ ಕಂಡು ಎಲ್ಲ ಒಪ್ಪಿಕೊಂಡೆ.

"ಅದಿರ್ಲಿ ಬಿಡ್ರಿ. ಆ ಬಾವಿ ನೀರು ಹ್ಯಾಂಗ ಅವ?"

"ಚಲೋ ಅವ ಅಂತ ಕಾಗದದಾಗ ಬರದಾರಲ್ಲ."

"ಕಾಗದ ಬರೋ ಮೊದಲ ನಾ ಕುಡದೀನ್ರಿ, ದಿನಾ. ನಂಗೇನೂ ಆಗಲಿಲ್ಲ ಅಂದ ಮ್ಯಾಲ ಊರವ್ರು ಕುಡದ್ರು. ನೀವು ಕುಡದೀರೇನು?"

ನಾನು ಅಲ್ಲಿಗೆ ಹೋದಾಗಲೆಲ್ಲ ಮನೆಯಿಂದ ನೀರು ಒಯ್ಯುತ್ತಿದ್ದೆ.

ಮರುವರ್ಷ ಈರಣ್ಣ ತೀರಿಕೊಂಡ. ಅವನ ಮಣ್ಣಿಗೆ ಹೋಗಿ ಬರುವಾಗ ಆ ಹಳ್ಳಿಗೂ ಹೋದೆ. ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸಿನ ಮುಂದೆ ಬೊಗಸೆ ಒಡ್ಡಿ ಕುಡಿದೆ. ಕುಡಿಯುವಾಗ ಕಣ್ಣು ಮುಚ್ಚಿಕೊಂಡಿದ್ದೆ. ದುಃಖಕ್ಕೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಹೆದರಿಕೆಯೂ ಇತ್ತು.