ಅಕ್ಕನ ಹನ್ನೊಂದು ಕ್ಯಾಸೆಟ್ಟುಗಳು

ಅಕ್ಕನಿಗೆ ನಾನು ಪಾಠ ಓದಿ ಹೇಳುತ್ತಿದ್ದದ್ದು ಪ್ರೀತಿಯಿಂದಲ್ಲ, ಅವ್ವನ ಬಾಯಿಗೆ ಹೆದರಿ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಈಗ ಸುಳ್ಳು ಬರೆದು ಏನಾಗಬೇಕು?

ಹದಿನೈದನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ಅಕ್ಕನ ಎರಡೂ ಕಣ್ಣು ಹೋದವು. ಅವಳು ಹಠಮಾರಿ. ಎಸ್ಸೆಸ್ಸೆಲ್ಸಿ ದಾಟಿದಳು, ಪಿಯುಸಿಯಲ್ಲಿ ಇತಿಹಾಸವೊಂದು ಬಿಟ್ಟು ಎಲ್ಲವನ್ನೂ ಪಾಸು ಮಾಡಿದಳು. ಇತಿಹಾಸದಲ್ಲಿ ಮಾತ್ರ ಎರಡು ಸಲ ಡುಮ್ಕಿ. ಮೈಸೂರಿನಲ್ಲಿ ಕಣ್ಣು ಕಾಣದವರಿಗೆ ಟೆಲಿಫೋನ್ ಆಪರೇಟರ್ ತರಬೇತಿ ಕೊಡುತ್ತಿದ್ದರು. ಅದಕ್ಕೆ ಪಿಯುಸಿ ಆಗಿರಬೇಕು, ವಯಸ್ಸೂ ಮೀರಿರಬಾರದು. ವಯಸ್ಸು ದಾಟುವ ಮುಂಚೆ ಅವಳ ಪಾಲಿಗೆ ಉಳಿದಿದ್ದು ಇನ್ನೊಂದೇ ಪರೀಕ್ಷೆ.

ನಾನು ಮುಳ್ಳೂರಿನಿಂದ ದಿನವೂ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡುತ್ತಿದ್ದೆ. ದಿನವಿಡೀ ಅಕ್ಷರ ನೋಡಿ ಸಂಜೆ ಮನೆಗೆ ಬಂದರೆ ಅಕ್ಕ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕಾಯುತ್ತಿರುತ್ತಿದ್ದಳು.

“ಓದಮ್ಮಿ, ಎಲ್ಡೇ ಆಳೆ,” ಅನ್ನುವಳು. ಎರಡು ಹೋಗಿ ಹತ್ತಾಗುತ್ತಿತ್ತು. ನಾನು ಕಾಟಾಚಾರಕ್ಕೆ ಗೊಣಗುಟ್ಟಿಕೊಂಡು ಓದುತ್ತಿದ್ದೆ. ಪಾಠ ಉದ್ದವಾಯಿತು ಅನ್ನಿಸಿದರೆ ಎರಡು ಹಾಳೆ ಒಟ್ಟಿಗೆ ತಿರುವಿಬಿಡುತ್ತಿದ್ದೆ. ಅವಳಿಗೇನು ಗೊತ್ತಾಗುತ್ತದೆ ಅಂದುಕೊಂಡಿದ್ದೆ.

೨೦೦೨ರ ಸುಮಾರಿಗೆ ಅಂಗಡಿಗೆ ಇಂಟರ್ನೆಟ್ ಬಂತು. ಕಿರ್ರೋ ಎಂದು ಅರಚಿ ಫೋನ್ ಲೈನ್ ಸೇರಿದರೆ ಪುಣ್ಯ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿ ಯಜಮಾನರು ನನಗೂ ಅದನ್ನು ನೋಡಲು ಬಿಡುತ್ತಿದ್ದರು. ಕನ್ನಡದವರ ಒಂದು ಇ-ಮೇಲ್ ಗುಂಪು ಸೇರಿಕೊಂಡೆ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿಕೊಂಡು ಹರಟುವವರ ಗುಂಪು ಅದು. ಅಲ್ಲಿ ಧಾರವಾಡದ ಒಬ್ಬರೊಂದಿಗೆ ನನಗೆ ವಾರಗಟ್ಟಲೆ ಜಗಳ. ಜೋಳದ ರೊಟ್ಟಿಯ ಮುಂದೆ ನಮ್ಮ ರಾಗಿಮುದ್ದೆ ಊಟವೇ ಅಲ್ಲ ಎಂದು ಬರೆದಿದ್ದರು. ನಾನು ಸುಮ್ಮನಿರುವವಳಲ್ಲ.

ಪರೀಕ್ಷೆಗೆ ಮೂರು ತಿಂಗಳಿರುವಾಗ ಅದೇ ಗುಂಪಿಗೆ ಬರೆದೆ. ನನ್ನ ಅಕ್ಕನಿಗೆ ಕಣ್ಣು ಕಾಣದು, ಇತಿಹಾಸದ ಪಾಠಗಳನ್ನು ಯಾರಾದರೂ ಕ್ಯಾಸೆಟ್ಟಿಗೆ ಓದಿ ಕಳಿಸುತ್ತೀರಾ ಎಂದು. ನಿಜ ಹೇಳಬೇಕೆಂದರೆ ಅಕ್ಕನ ಮೇಲಿನ ಕನಿಕರಕ್ಕಲ್ಲ, ನನ್ನ ತಲೆನೋವು ದಾಟಿಸಲು. ಮಾರನೆಯ ದಿನ ನೋಡಿದರೆ ಮೊದಲ ಉತ್ತರ ಧಾರವಾಡದವರದೇ. “ಮುದ್ದಿ ವಿಚಾರ ಆಮ್ಯಾಲ ನೋಡೋಣು. ಯಾವ ಪಾಠ ಓದ್ಬೇಕು ಹೇಳ್ರಿ.”

ಒಟ್ಟು ಐದು ಜನ ಒಪ್ಪಿಕೊಂಡರು. ಯಾರ ಮುಖವನ್ನೂ ನಾನು ಕಂಡವಳಲ್ಲ. ಪಾಠಗಳನ್ನು ಜೆರಾಕ್ಸ್ ಮಾಡಿ ಹಂಚಿ ಅಂಚೆಗೆ ಹಾಕಿದೆ. ಒಂದು ಕಂತೆ ಮಸ್ಕತ್ತಿಗೂ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಹನ್ನೊಂದು ಕ್ಯಾಸೆಟ್ಟು ಬಂದವು.

ಅಕ್ಕ ಟೇಪ್ ರೆಕಾರ್ಡರ್ ಬಿಟ್ಟು ಏಳಲಿಲ್ಲ. ಮಸ್ಕತ್ತಿನ ಹೆಂಗಸಿನ ದನಿ ಮೆಲು. ಒಬ್ಬರ ಹಿಂದೆ ಕುಕ್ಕರ್ ಕೂಗುತ್ತಿತ್ತು. ಧಾರವಾಡದವರಿಗೆ ಕೆಮ್ಮು. ಅವರು ಪುಟದ ಸಂಖ್ಯೆಯನ್ನೂ ಬಿಡದೆ ಓದುವರು, ನಕ್ಷೆ ಬಂದರೆ “ಎಡಗಡೆ ಸಮುದ್ರ ಐತ್ರಿ, ಮ್ಯಾಲ ಒಂದು ನದಿ ಹರದೈತಿ” ಎಂದು ವಿವರಿಸುವರು. ಒಂದು ಕಡೆ ಓದುತ್ತ ಓದುತ್ತ “ಒಂದ್ ಸ್ವಲ್ಪ ತಡೀರಿ, ಹಾಲು ಉಕ್ಕಾಕತ್ತೈತಿ” ಎಂದು ಎದ್ದುಹೋಗಿದ್ದರು. ಟೇಪು ಸುಮ್ಮನೆ ಓಡಿತ್ತು. ಪಾತ್ರೆ ಇಳಿಸಿದ ಸದ್ದು, ಮತ್ತೆ ಪಾಠ.

ಅಲ್ಲಿಗೆ ಬಂದಾಗಲೆಲ್ಲ ಅಕ್ಕ ನಗುತ್ತಿದ್ದಳು. ಒಂದು ದಿನ ನಗು ನಿಲ್ಲಿಸಿ, ಬೇಜಾರಿಲ್ಲದ ದನಿಯಲ್ಲಿ ಹೇಳಿದಳು: “ಇವ್ರು ಎಲ್ಡೆಲ್ಡ್ ಆಳೆ ಒಟ್ಗ ತಿರುವಲ್ಲ ಕಣಮ್ಮಿ.”

ನನಗೆ ಕೂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳಿಗೆ ಮೊದಲಿನಿಂದ ಗೊತ್ತಿತ್ತು. ಎರಡು ಸಲ ಫೇಲಾದಾಗಲೂ ಅವ್ವನ ಮುಂದೆ ನನ್ನ ಹೆಸರೆತ್ತಿರಲಿಲ್ಲ.

ಅವ್ವನ ಚಿಂತೆಯೇ ಬೇರೆ. ನಾಟಿ, ಕಳೆಗೆ ನಮ್ಮಲ್ಲಿ ಮುಯ್ಯಾಳು ಪದ್ಧತಿ. ಇವತ್ತು ಅವರು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ಅವರ ಗದ್ದೆಗೆ ಇಳಿಯಬೇಕು. “ಮಕಾನೇ ನೋಡ್ದೋರು ಇಷ್ಟ್ ಗೇದವ್ರೆ. ಅವರ್ಗ ಮುಯ್ಯಿ ಎಂಗಮ್ಮಿ ತೀರ್ಸದು?” ಎಂದು ನನ್ನನ್ನು ಪೀಡಿಸಿದಳು. ಕೊನೆಗೆ ಧಾರವಾಡದವರ ಕೆಮ್ಮಿಗೆ ಮೆಣಸು, ಬೆಲ್ಲದ ಕಷಾಯ ಮಾಡುವ ಬಗೆಯನ್ನು ನನ್ನಿಂದ ಬರೆಸಿದಳು. ಕುಡಿದೆ, ಗುಣ ಕಂಡಿತು, ಮುದ್ದೆಯ ವಿಷಯದಲ್ಲಿ ಮಾತ್ರ ಸೋತಿಲ್ಲ ಎಂದು ಉತ್ತರ ಬಂತು.

ಅಕ್ಕ ಪಾಸಾದಳು. ಐದೂ ಜನರಿಗೆ ಸುದ್ದಿ ಬರೆಯುವಾಗ ನನ್ನ ಕಣ್ಣು ಮಂಜಾಗಿ ತಪ್ಪು ತಪ್ಪಾಗಿ ಟೈಪಾಯಿತು. ಅಕ್ಕ ಮೈಸೂರಿಗೆ ಹೋದಳು.

ಮುಂದಿನ ವರ್ಷ ಅದೇ ಗುಂಪಿಗೆ ಮೇಷ್ಟ್ರೊಬ್ಬರು ಬರೆದರು. ಕಣ್ಣು ಕಾಣದ ಹುಡುಗಿಯೊಬ್ಬಳಿಗೆ ಅದೇ ಇತಿಹಾಸ ಬೇಕಿತ್ತು. ಯಾವ ಊರು ಎಂದರೆ ಯಳಂದೂರು! ನಮ್ಮ ಪಕ್ಕದ ತಾಲ್ಲೂಕು. ಲೋಕವೆಲ್ಲ ಸುತ್ತಿ ಕೇಳಿದ್ದರು, ನಗು ಬಂತು. ರಜಕ್ಕೆ ಬಂದಿದ್ದ ಅಕ್ಕ ಆ ಹುಡುಗಿಗೆ ಕಳಿಸಲು ಕ್ಯಾಸೆಟ್ಟುಗಳನ್ನೆಲ್ಲ ಜೋಡಿಸಿದಳು. ಹತ್ತೇ ಇದ್ದವು. ಕೇಳಿ ಕೇಳಿ ಸವೆದು ಧಾರವಾಡದವರ ಟೇಪೊಂದು ರೆಕಾರ್ಡರಿನಲ್ಲಿ ಸಿಕ್ಕಿಕೊಂಡು ತುಂಡು ತುಂಡಾಗಿತ್ತು. ಹಾಲು ಉಕ್ಕಿದ ಪಾಠವೇ ಅದು.

ಆ ಪಾಠವನ್ನು ನಾನೇ ಓದುತ್ತೇನೆಂದು ಹೊಸ ಕ್ಯಾಸೆಟ್ಟು ಹಾಕಿ, ಪುಸ್ತಕ ಬಿಡಿಸಿ ಕುಳಿತೆ. ಎರಡು ಸಾಲು ಓದುವುದರಲ್ಲಿ ಅಕ್ಕನ ತುಟಿ ನನಗಿಂತ ಮುಂದೆ ಹೋಗುತ್ತಿತ್ತು. ನಾನು ಟೇಪು ಹಿಂದಕ್ಕೆ ಸುತ್ತಿ ಮೈಕು ಅವಳ ಕೈಗಿಟ್ಟೆ.

ಅವಳು ಹೇಳತೊಡಗಿದಳು. ಪುಟದ ಸಂಖ್ಯೆ ಬಿಡಲಿಲ್ಲ, ನಕ್ಷೆಯ ಸಮುದ್ರ ಬಿಡಲಿಲ್ಲ. ನಡುವೆ ಧಾರವಾಡದ ಧಾಟಿಯಲ್ಲೇ “ಒಂದ್ ಸ್ವಲ್ಪ ತಡೀರಿ, ಹಾಲು ಉಕ್ಕಾಕತ್ತೈತಿ” ಎಂದು ನಿಲ್ಲಿಸಿದಳು. ಅದನ್ನು ಅಳಿಸಲೇ ಎಂದು ಅವಳ ಕೈ ಮುಟ್ಟಿ ಪಿಸುಗುಟ್ಟಿದೆ.

“ಇರ್ಲಿ ಬುಡು. ಆ ಮಗೀನೂ ಒಸಿ ನಗ್ಲಿ,” ಅಂದಳು. ಅದೂ ಟೇಪಿನಲ್ಲಿ ಸೇರಿಕೊಂಡಿತು.

ಅವಳು ಹೇಳುತ್ತ ಹೋದಳು. ನಾನು ಪುಸ್ತಕ ಹಿಡಿದು ಸಾಲು ಸಾಲೂ ನೋಡುತ್ತ ಹಾಳೆ ತಿರುವುತ್ತ ಹೋದೆ. ಒಂದೊಂದೇ ತಿರುವಿದೆ, ಅವಳಿಗೆ ಕೇಳುವ ಹಾಗೆ.